ಹೋಗು ಎನ್ನುವುದು

ನಮ್ಮ ಕಡೆ ಮನೆಯಿಂದ ಹೊರಟವರಿಗೆ ಯಾರೂ 'ಹೋಗು' ಎನ್ನುವುದಿಲ್ಲ. 'ಹೋಗಿ ಬಾ' ಎನ್ನುತ್ತೇವೆ. ಆ 'ಬಾ' ಬಿಟ್ಟು ಮಾತಾಡುವುದು ಎಷ್ಟು ಕಷ್ಟವೆಂದು ನನಗೆ ತೋರಿಸಿದ್ದು, ನಗಬೇಡಿ, ಮಗಳು ನೋಡುತ್ತಿದ್ದ ಅಮೆರಿಕದ ಒಂದು ದೆವ್ವದ ಧಾರಾವಾಹಿ.

'ಸೂಪರ್‌ನ್ಯಾಚುರಲ್' 2005ರಲ್ಲಿ ಶುರುವಾಗಿ 2020ರ ನವೆಂಬರಿನಲ್ಲಿ 327ನೆಯ ಕಂತಿಗೆ ಮುಗಿಯಿತು. ಡೀನ್, ಸ್ಯಾಮ್ ಎಂಬ ಅಣ್ಣತಮ್ಮಂದಿರು ಹಳೆಯ ಕಪ್ಪು ಕಾರಿನಲ್ಲಿ ಊರೂರು ಅಲೆದು ಪಿಶಾಚಿಗಳನ್ನು ಬೇಟೆಯಾಡುತ್ತಾರೆ. ಒಂದು ಕಂತಿನಲ್ಲಂತೂ ಅದೇ ಮಂಗಳವಾರ ಮತ್ತೆ ಮತ್ತೆ ಬೆಳಗಾಗಿ, ಡೀನ್ ಪ್ರತಿ ಸಲವೂ ಬೇರೆ ಬಗೆಯಲ್ಲಿ ಸಾಯುತ್ತಾನೆ. ನಕ್ಕು ನಕ್ಕು ನನ್ನ ಹೊಲಿಗೆ ತಪ್ಪಿತು.

ಆದರೆ ನಗುವಿನ ಕೆಳಗೊಂದು ಲೆಕ್ಕವಿದೆ. ತಮ್ಮ ಸತ್ತಾಗ ಅಣ್ಣ ಕವಲುದಾರಿಯ ದೆವ್ವಕ್ಕೆ ತನ್ನ ಆತ್ಮವನ್ನೇ ಕೊಟ್ಟು ಅವನನ್ನು ಬದುಕಿಸಿಕೊಳ್ಳುತ್ತಾನೆ. ಅಣ್ಣನಿಗೆ ಉಳಿಯುವುದು ಒಂದೇ ವರ್ಷ. ಹೀಗೆ ಒಬ್ಬರನ್ನೊಬ್ಬರು ಸಾವಿನಿಂದ ಎಳೆತಂದಾಗ ಬೆಲೆ ತೆರುವವರು ಎಷ್ಟೋ ಸಲ ಬೇರೆಯವರು. ಅವರ ಗೆಳೆಯ ಕ್ಯಾಸ್ಟಿಯೆಲ್, ದೇವದೂತ, ಕೊನೆಗೆ ಎರಡು ಕಂತು ಉಳಿದಿರುವಾಗ ಡೀನನನ್ನು ಕಾಪಾಡಲು ತಾನೇ ಇಲ್ಲವಾಗುತ್ತಾನೆ. ಪ್ರೀತಿಯನ್ನು ಹೇಳುತ್ತಾನೆ, ಬದಲಿಗೆ ಏನೂ ಕೇಳುವುದಿಲ್ಲ. ಅವನಿಗಾಗಿ ಕೊನೆಯಲ್ಲಿ ಇನ್ನಷ್ಟು ಅಳಬೇಕಿತ್ತು ಎಂಬುದು ನನ್ನ ತಕರಾರು.

ಕೊನೆಯ ಕಂತಿನಲ್ಲಿ ತಮ್ಮ ಅಣ್ಣನ ಮುಖಕ್ಕೆ ಸಿಹಿತಿಂಡಿ ಮೆತ್ತಿ ನಗುತ್ತಾನೆ. ಆಮೇಲೆ ಒಂದು ಕೊಟ್ಟಿಗೆಯಲ್ಲಿ ಹೊಡೆದಾಟ. ಡೀನನ ಬೆನ್ನಿಗೆ ಕಬ್ಬಿಣದ ಸರಳು. ದೇವರನ್ನೇ ಸೋಲಿಸಿದವನಿಗೆ ಒಂದು ಸರಳು! ಈ ಸಲ ನನ್ನನ್ನು ಮರಳಿ ತರಬೇಡ, ಹೋಗಲು ಒಪ್ಪಿಗೆ ಕೊಡು ಎಂದು ತಮ್ಮನನ್ನು ಕೇಳುತ್ತಾನೆ. ಸ್ಯಾಮ್ ಅಳುತ್ತಲೇ ಕೊಡುತ್ತಾನೆ.

ನಾನು ಕೊಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಅಣ್ಣ, "ಸಾಕು ಕಣೇ, ಮನೆಗೆ ಹೋಗೋಣ" ಎಂದಿದ್ದ. ಇನ್ನೊಂದು ಆಪರೇಷನ್ ಆಗಲೇಬೇಕೆಂದು ನಾನೇ ಹಟ ಹಿಡಿದೆ. ಅತ್ತಿಗೆಯ ಬಳೆಗಳು ಗಿರವಿಗೆ ಹೋದವು. ಹನ್ನೊಂದು ದಿನ ಹೆಚ್ಚಿಗೆ ಸಿಕ್ಕವು. ಅವನಿಗೆ ಎಚ್ಚರವಿದ್ದುದು ಒಂದು ಮಧ್ಯಾಹ್ನ. ತಂಗಿ ಎಂದರೆ ಹೀಗಿರಬೇಕು ಎಂದು ಬಂಧುಗಳೆಲ್ಲ ಹೊಗಳಿದರು. ಬಳೆಗಳನ್ನು ಬಿಡಿಸಿಕೊಳ್ಳಲಾಗಲಿಲ್ಲ. ಅತ್ತಿಗೆ ಇವತ್ತಿಗೂ ಆ ಮಾತೆತ್ತಿಲ್ಲ.

ಕಥೆಯಲ್ಲಿ ಸ್ಯಾಮ್ ಮುದುಕನಾಗುತ್ತಾನೆ. ಮಗನಿಗೆ ಅಣ್ಣನ ಹೆಸರೇ ಇಟ್ಟಿದ್ದಾನೆ. ಆ ಮಗ ಹಾಸಿಗೆಯ ಪಕ್ಕ ಕುಳಿತು, ಇನ್ನು ಹೋಗಬಹುದು ಎಂದು ಅಪ್ಪನಿಗೆ ಹೇಳುತ್ತಾನೆ.

ಮಗಳು ಕಣ್ಣೊರೆಸಿಕೊಂಡು, "ಅಮ್ಮಾ, ಮಾಮ ಕೊನೆಗೆ ಏನಾದ್ರೂ ಹೇಳಿದ್ರಾ?" ಎಂದಳು.

ಕುಕ್ಕರ್ ಕೂಗಿತೇನೋ ಎಂದು ನಾನು ಎದ್ದು ಒಳಗೆ ಹೋದೆ. ಕೂಗಿರಲಿಲ್ಲ.