ರೈತನ ಕಡೆಗೂ ಒಂದು ಪರದೆ

ಕಂಪ್ಯೂಟರಿನ ಗುಂಡಿ ಒತ್ತುವವರು ಒಬ್ಬರು, ಅದರಲ್ಲಿ ದಾಖಲಾದದ್ದರ ಫಲ ಉಣ್ಣುವವರು ಇನ್ನೊಬ್ಬರು. ಜನರ ಕೆಲಸಕ್ಕೆಂದು ತಂತ್ರಾಂಶ ರೂಪಿಸುವವರಿಗೆ ಇದು ದೊಡ್ಡ ತೊಡಕು. ಕರ್ನಾಟಕ ಎರಡು ದಶಕಗಳ ಹಿಂದೆಯೇ ಇದಕ್ಕೊಂದು ಒಳ್ಳೆಯ ಉತ್ತರ ಕಂಡುಕೊಂಡಿತ್ತು.

‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ತಲಾಠಿಗಳ ದಫ್ತರದಿಂದ ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪಹಣಿಯ ಪ್ರತಿ, ಅಂದರೆ ಉತಾರ, ಸಿಗುವಂತಾಯಿತು. ಆ ಕೇಂದ್ರಗಳ ವಿನ್ಯಾಸದಲ್ಲಿ ಸಿಬ್ಬಂದಿಯ ಪರದೆಯಲ್ಲದೆ, ಕಿಟಕಿಯಾಚೆ ನಿಂತವರತ್ತ ಮುಖಮಾಡಿದ ಎರಡನೆಯ ಪರದೆಯೂ ಇತ್ತು. ಒಳಗೆ ನಡೆಯುವ ಕೆಲಸ ಹೊರಗಿನವರಿಗೂ ಆಗಿಂದಾಗಲೇ ಕಾಣಲಿ ಎಂಬುದು ಅದರ ಉದ್ದೇಶ.

ಇದು ಎಷ್ಟು ಮುಖ್ಯ ಎಂಬುದು ಮುನವಳ್ಳಿ, ಹೂಲಿಗಳಿಂದ ಉತಾರಕ್ಕೆಂದು ಸವದತ್ತಿಗೆ ಬಂದವರಿಗೆ ಗೊತ್ತು. ಯಲ್ಲಮ್ಮನ ಈ ಸೀಮೆಯಲ್ಲಿ ಯಲ್ಲಪ್ಪ, ಯಲ್ಲವ್ವ ಊರೂರಿಗೂ ಇದ್ದಾರೆ. ಗುರುತು ನಿಲ್ಲುವುದು ತಂದೆಯ ಹೆಸರು, ಅಡ್ಡಹೆಸರಿನ ಮೇಲೆ. ಅಲ್ಲೊಂದು ಅಕ್ಷರ ತಪ್ಪಿದರೆ ಆಧಾರ್ ತಾಳೆಯಾಗುವುದಿಲ್ಲ, ಬೆಳೆಸಾಲ ನಿಲ್ಲುತ್ತದೆ. ಉತಾರದಲ್ಲಿ 2.20 ಎಂದಿದ್ದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನೇ ಶಾಲೆಯ ದಶಮಾಂಶವೆಂದು ಓದಿದವನ ಲೆಕ್ಕಕ್ಕೆ 2 ಎಕರೆ 8 ಗುಂಟೆ. 12 ಗುಂಟೆ ಕಾಗದದಲ್ಲೇ ಮಾಯ! ತೀರಿದ ಸಾಲದ ಬೋಜಾ ಉತಾರದ ಕಾಲಂ 11ರಲ್ಲಿ ಹಾಗೇ ಉಳಿದಿದ್ದರೆ ಮುಂದಿನ ಸಾಲಕ್ಕೆ ಅದೇ ಅಡ್ಡಿ.

ಇಂಥ ತಪ್ಪನ್ನು ಎಷ್ಟೇ ಚುರುಕಿನ ಸಿಬ್ಬಂದಿಯೂ ಹಿಡಿಯಲಾರರು. ಅವರಿಗೆ ಅದು ದಿನದ ನೂರಾರು ಹೆಸರುಗಳಲ್ಲಿ ಒಂದು. ಹೊಲದವನಿಗೆ ಮಾತ್ರ ನೋಡಿದೊಡನೆ ಗೊತ್ತಾಗುತ್ತದೆ: ‘ಏ ಸಾಹೇಬ್ರ, ನಮ್ಮಪ್ಪನ ಹೆಸರು ಬಸಪ್ಪ ಅಲ್ರೀ, ಬಸಲಿಂಗಪ್ಪ!’ ಎರಡನೆಯ ಪರದೆಯೆಂದರೆ ಬರಿಯ ಸೌಜನ್ಯವಲ್ಲ. ದಾಖಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನ ಕೈಗೆ ಕರಡು ತಿದ್ದುವ ಕೆಲಸವನ್ನು ಒಪ್ಪಿಸುವ ಉಪಾಯ.

ಈಗ ಸೇವೆಗಳು ಮೊಬೈಲಿಗೆ, ಗ್ರಾಮ ಒನ್ ಕೇಂದ್ರಗಳಿಗೆ ಬಂದಿವೆ. ಬೆಳೆ ಸಮೀಕ್ಷೆಯೂ ಆ್ಯಪ್‌ನಲ್ಲೇ ನಡೆಯುತ್ತದೆ. ಆದರೂ ಎಷ್ಟೋ ಕೌಂಟರುಗಳಲ್ಲಿ ಪರದೆಯ ಬೆನ್ನಷ್ಟೇ ನಮ್ಮತ್ತ ಇರುತ್ತದೆ. ಓದು ಬಾರದ ಅವ್ವನಿಗಂತೂ ಪರದೆ ತಿರುಗಿಸಿದರೂ ಸಾಲದು, ಓದಿ ಹೇಳಬೇಕು. ತಂತ್ರಾಂಶ ಬರೆಯುವ ನಮ್ಮ ಹುಡುಗ ಹುಡುಗಿಯರಲ್ಲಿ ಕೇಳಿಕೊಳ್ಳುವುದಿಷ್ಟೆ: ‘ಸಲ್ಲಿಸು’ ಗುಂಡಿಗೆ ಮೊದಲು ಒಂದು ಪುಟವಿರಲಿ. ಹೆಸರು, ಎಕರೆ, ಗುಂಟೆ, ಬೆಳೆ ಅಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಬರಲಿ, ಒತ್ತಿದರೆ ದನಿಯಲ್ಲೂ ಕೇಳಲಿ. ಕೌಂಟರಿನಲ್ಲಿ ಕೂತವರೇ, ಅಲ್ಲಿಯತನಕ ನೀವೇ ಗಟ್ಟಿಯಾಗಿ ಓದಿ ಹೇಳಿ. ಕಿಟಕಿಯಾಚೆ ನಿಂತವರೇ, ‘ಒಮ್ಮೆ ಓದಿ ಹೇಳ್ರಿ’ ಎಂದು ಕೇಳಲು ಹಿಂಜರಿಯಬೇಡಿ. ಅದು ನಿಮ್ಮ ಹಕ್ಕು.