ಆನಂದನ ಕಣ್ಣೀರು

ಕುಶಿನಾರದ ಸಾಲವನದಲ್ಲಿ, ಎರಡು ಮರಗಳ ನಡುವೆ, 80 ವರ್ಷದ ಬುದ್ಧ ಕೊನೆಯ ಬಾರಿಗೆ ಮಲಗಿದ್ದಾನೆ. ಅಲ್ಲಿ ನಿಲ್ಲಲಾರದೆ ಅವನ ಶಿಷ್ಯ ಆನಂದ ವಿಹಾರದ ಒಳಗೆ ಹೋಗಿ, ಬಾಗಿಲಿಗೆ ಒರಗಿ ಅಳುತ್ತಾನೆ. ತಾನಿನ್ನೂ ಕಲಿಯಬೇಕಾದವನು, ತನ್ನ ಮೇಲೆ ಕರುಣೆಯಿಟ್ಟ ಗುರುವೋ ಹೊರಟುನಿಂತಿದ್ದಾನೆ ಎಂಬುದು ಅವನ ಸಂಕಟ. ದೀಘನಿಕಾಯದ ಮಹಾಪರಿನಿಬ್ಬಾಣ ಸುತ್ತದಲ್ಲಿ ಬರುವ ಈ ಅಳುವನ್ನು, ವಿರಕ್ತಿ ಮಾಗದ ಶಿಷ್ಯನ ದೌರ್ಬಲ್ಯವೆಂದು ಓದುವುದು ಸುಲಭ. ಆದರೆ ಬುದ್ಧ ಅದನ್ನು ಹಾಗೆ ಓದಲಿಲ್ಲ. ಆನಂದನನ್ನು ಕರೆಸಿ ಅವನು ಎರಡು ಸಂಗತಿ ಹೇಳಿದ. ಹುಟ್ಟಿದ್ದು ಅಳಿಯಲೇಬೇಕು, ಪ್ರಿಯರಿಂದ ಅಗಲಿಕೆ ತಪ್ಪದು ಎಂಬುದು ಮೊದಲನೆಯದು. ಆನಂದ ಬಹುಕಾಲ ಕಾಯಾ ವಾಚಾ ಮನಸಾ ಮಾಡಿದ ಮೈತ್ರಿಯ ಸೇವೆ ಅವನಿಗೆ ಪುಣ್ಯವಾಗಿ ಒದಗಿದೆ ಎಂಬುದು ಎರಡನೆಯದು. ಗುರು ಹೋಗಬಾರದೆಂಬ ಹಟವನ್ನು ತಿದ್ದಿದವನೇ ಗುರುವಿನ ಮೇಲಿನ ಅಕ್ಕರೆಯನ್ನು ಮೆಚ್ಚಿದ. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರಿದೆ: ಒಂದು ಅಂಟು, ಇನ್ನೊಂದು ನಂಟು. ಪ್ರೀತಿಯೆಂದರೆ ನಂಟು. ಅಂಟು ಅದರ ಜೊತೆಗೆ ಬೆಳೆಯುವ ಕಳೆ.

ಇದಕ್ಕೆ ಬಲವಾದ ಆಕ್ಷೇಪ ಬೌದ್ಧ ಗ್ರಂಥಗಳಲ್ಲೇ ಇದೆ. ಮಜ್ಝಿಮನಿಕಾಯದ ಪಿಯಜಾತಿಕ ಸುತ್ತದಲ್ಲಿ, ಒಬ್ಬನೇ ಮಗನನ್ನು ಕಳೆದುಕೊಂಡ ಗೃಹಸ್ಥನಿಗೆ, ಶೋಕ ಹುಟ್ಟುವುದು ಪ್ರಿಯವಾದುದರಿಂದಲೇ ಎಂದು ಬುದ್ಧ ಹೇಳುತ್ತಾನೆ. ಹಾಗಾದರೆ ಪ್ರೀತಿಯನ್ನೇ ಬಿಡುವುದು ಜಾಣತನವಲ್ಲವೇ? ಆ ಮಾತು ನಿಜ. ಪ್ರೀತಿಸಿದವರು ನೋವಿಗೆ ಬಾಗಿಲು ತೆರೆದಿಟ್ಟವರೇ. ಆದರೆ ನೋವು ತರುತ್ತದೆ ಎಂಬುದೊಂದೇ ಯಾವುದನ್ನೂ ಬಿಡಲು ಸಾಕಾದ ಕಾರಣವಲ್ಲ. ಆ ನೋವಿನೊಂದಿಗೆ ಏನು ದಕ್ಕಿತು ಎಂದೂ ಕೇಳಬೇಕು. ಆನಂದನ ಬದುಕಿನಲ್ಲಿ ಇದಕ್ಕೆ ಉತ್ತರವಿದೆ. ಅವನು 25 ವರ್ಷ ಬುದ್ಧನ ಪಕ್ಕದಲ್ಲಿದ್ದವನು. ನೀರು ತಂದುಕೊಟ್ಟ, ಬಂದವರನ್ನು ಒಳಗೆ ಬಿಟ್ಟ, ಆಡಿದ ಮಾತುಗಳನ್ನೆಲ್ಲ ಕಿವಿಗೊಟ್ಟು ಕೇಳಿದ. ಬುದ್ಧನ ನಂತರ ರಾಜಗೃಹದಲ್ಲಿ 500 ಭಿಕ್ಷುಗಳು ಮೊದಲ ಸಂಗೀತಿ ಎಂಬ ಸಭೆಗೆ ಸೇರಿದಾಗ ಉಪದೇಶಗಳನ್ನು ನೆನಪಿನಿಂದ ಹೇಳಿದವನು ಅವನೇ ಎನ್ನುತ್ತದೆ ಪರಂಪರೆ. ತಾನು ಹೀಗೆ ಕೇಳಿದೆ ಎಂದು ಸುತ್ತಗಳ ಆರಂಭದಲ್ಲಿ ಬರುವ ದನಿ ಆನಂದನದು. ಆಳವಾದ ನಂಟಿನ ಬೆಲೆ ತಿಳಿಯುವುದು ಇಲ್ಲಿ. ಇನ್ನೊಂದು ಜೀವದ ಕಡೆಗೆ ಬಿಡುವಿಲ್ಲದೆ ಗಮನ ಕೊಡಲು ಅದು ಕಲಿಸುತ್ತದೆ. ಹಾಗೆ ಗಮನ ಕೊಟ್ಟವನ ನೆನಪಿನಲ್ಲಿ ಆ ಜೀವ ಅಳಿಯದೆ ಉಳಿಯುತ್ತದೆ.

ಆ ಸಭೆಗೆ ಹಿಂದಿನ ರಾತ್ರಿ ಆನಂದ ಅರ್ಹಂತನಾದ, ಅಂಟು ಕಳಚಿದ ಮೇಲೆಯೇ ಅವನಿಗೆ ಅಲ್ಲಿ ಆಸನ ಸಿಕ್ಕಿತು ಎಂದು ಯಾರಾದರೂ ನೆನಪಿಸಬಹುದು. ಒಪ್ಪತಕ್ಕ ಮಾತೇ. ಆದರೆ ಮರುದಿನ ಅವನು ಹೇಳಿದ್ದೆಲ್ಲ ಆ ಒಂದು ರಾತ್ರಿಯಲ್ಲಿ ಕೇಳಿದ್ದಲ್ಲ, ಅಕ್ಕರೆಯ ವರ್ಷಗಳಲ್ಲಿ ಕೇಳಿದ್ದು. ಅಂಟು ಹೋಯಿತು, ನಂಟಿನ ಗಳಿಕೆ ಹಾಗೇ ಉಳಿಯಿತು. ಎರಡೂ ಒಂದೇ ಆಗಿದ್ದರೆ ಅಂಟಿನ ಜೊತೆಗೆ ಆ ಗಳಿಕೆಯೂ ಅಳಿಸಿಹೋಗಬೇಕಿತ್ತು.

ಒಬ್ಬರನ್ನು ಆಳವಾಗಿ ಪ್ರೀತಿಸುವುದೆಂದರೆ ಉಳಿದವರಿಗೆ ಅನ್ಯಾಯ ಮಾಡಿದಂತೆ, ಧರ್ಮ ಕೇಳುವುದು ಎಲ್ಲರ ಮೇಲಿನ ಸಮಪ್ರೀತಿಯನ್ನು ಎಂಬ ವಾದವೂ ಇದೆ. ನಮ್ಮವರು ಎಂಬ ಮೋಹದಲ್ಲಿ ಹೊರಗಿನವರನ್ನು ಮರೆತ ಉದಾಹರಣೆಗಳು ಮನೆಮನೆಯಲ್ಲೂ ಸಿಗುತ್ತವೆ. ಆದರೆ ಸಕಲ ಜೀವಿಗಳ ಮೇಲಿನ ಮೈತ್ರಿಯನ್ನು ಬೋಧಿಸುವ ಸುತ್ತನಿಪಾತದ ಮೆತ್ತ ಸುತ್ತ ಆ ಮೈತ್ರಿಗೆ ಅಳತೆಯಾಗಿ ಕೊಡುವುದು, ಇದ್ದೊಬ್ಬ ಮಗನನ್ನು ಪ್ರಾಣ ಒತ್ತೆಯಿಟ್ಟು ಕಾಯುವ ತಾಯಿಯನ್ನು. ಒಂದು ಮಗುವಿನ ಹಸಿವು ಏನೆಂದು ಅರಿಯದವರಿಗೆ ಲೋಕದ ಹಸಿವು ಬರೀ ಮಾತಾಗಿ ಉಳಿಯುತ್ತದೆ. ಎಲ್ಲರನ್ನೂ ಪ್ರೀತಿಸುವುದನ್ನು ನಾವು ಒಬ್ಬರಿಂದಲೇ ಕಲಿಯಲು ತೊಡಗುತ್ತೇವೆ, ಅಲ್ಲಿಗೇ ನಿಂತರೆ ಮಾತ್ರ ತಪ್ಪು.

ಆದ್ದರಿಂದ ನೋವಿಗೆ ಹೆದರಿ ಮನಸ್ಸನ್ನು ಬರಡು ಮಾಡಿಕೊಳ್ಳುವುದನ್ನು ವೈರಾಗ್ಯವೆಂದು ಕರೆಯುವುದು ಬೇಡ. ನಮ್ಮ ಜೊತೆಗಿರುವವರು ಒಂದು ದಿನ ಹೋಗುತ್ತಾರೆ, ನಾವೂ ಹೋಗುತ್ತೇವೆ. ಅದು ತಿಳಿದೂ ಅವರ ಮಾತನ್ನು ಇಂದು ಮನಸಿಟ್ಟು ಕೇಳೋಣ.