ಮಾಳಿಗೆ ಮನೆಯೂ ನೆರೆಯವನೂ

ಒಂದು ಗ್ರಾಮವು ಪರರ ಹಂಗಿಲ್ಲದೆ ತನ್ನನ್ನು ತಾನೇ ಪೋಷಿಸಿಕೊಳ್ಳುವಂತೆ ಮನೆಗಳನ್ನೂ ಬೀದಿಗಳನ್ನೂ ಕಟ್ಟಬಹುದೋ ಎಂದು ಅನೇಕರು ಕೇಳುತ್ತಾರೆ. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಈ ಪ್ರಶ್ನೆಯು ಹೊಸದಲ್ಲ.

ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಇಳಿಜಾರಾದ ಸೂರು ಬೇಕಿಲ್ಲ. ಕಲ್ಲುಮಣ್ಣಿನ ದಪ್ಪ ಗೋಡೆ; ತೊಲೆಜಂತಿಗಳ ಮೇಲೆ ಸೊಪ್ಪುಕಡ್ಡಿ ಹಾಸಿ ಮಣ್ಣು ಹೊದಿಸಿದ ಮಾಳಿಗೆ; ಅದರಲ್ಲೊಂದು ಬೆಳಕಿಂಡಿ. ಬಾಗಿಲು ದಾಟಿದೊಡನೆ ದನಗಳ ಸ್ಥಳ, ಅದಕ್ಕಿಂತ ಎತ್ತರದಲ್ಲಿ ಜನರ ಪಡಸಾಲೆ. ನೆಲದೊಳಗೆ ಹಗೇವು. ಅದರೊಳಗೆ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. (ತೆರೆದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿಯು ಮನುಷ್ಯನನ್ನು ಕೊಲ್ಲುವದು.) 1945ರಲ್ಲಿ ಕುಷ್ಠರೋಗಿಗಳ ಸೇವೆಗಾಗಿ ಭಾರತಕ್ಕೆ ಬಂದ ವಾಸ್ತುಶಿಲ್ಪಿ ಲಾರಿ ಬೇಕರರು, ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ಮಾತನ್ನು ಬಹಳವಾಗಿ ಮೆಚ್ಚಿಕೊಂಡಿದ್ದರು. ನಮ್ಮ ಹಿರಿಯರು ಅದನ್ನು ಕೇಳದೆಯೇ ಹಾಗೆ ಕಟ್ಟಿದ್ದರು.

ಆದರೂ ಮಾಳಿಗೆ ಮನೆಯು ಒಬ್ಬನಿಂದ ನಿಲ್ಲುವಂಥದಲ್ಲ. ಮುಂಗಾರಿಗೆ ಮುಂಚೆ ಹೊಸ ಮಣ್ಣು ಹಾಕದಿದ್ದರೆ ಸೋರುವದು. ಹೊರುವದಕ್ಕೂ ತುಳಿಯುವದಕ್ಕೂ ನಾಲ್ಕು ಜನ ಬೇಕು. ನಡುಗೋಡೆ ಇಬ್ಬರದಾದರೆ ನೆರೆಯವನ ಸೋರಿಕೆಯಿಂದ ನಮ್ಮ ಗೋಡೆಯೂ ನೆನೆಯುವದು. ಸಿಮೆಂಟಿನ ಮಾಳಿಗೆಗೆ ಈ ಕಷ್ಟವಿಲ್ಲ. ಅದನ್ನು ಬಯಸುವವರನ್ನು ನಾವು ದೂಷಿಸಲಾರೆವು. ವರ್ಷವರ್ಷವೂ ಆ ಮಣ್ಣು ಹೊತ್ತ ತಲೆಗಳು ಯಾರವೆಂಬದು ನಮ್ಮ ಸಭೆಗಳವರಿಗೆ ಗೊತ್ತುಂಟಲ್ಲವೇ?

ಇಲ್ಲಿಯೇ ಪ್ರಶ್ನೆಯು ಕಠಿಣವಾಗುವದು. ಊರ ಹಗೇವುಗಳಿಗೆ ಜೋಳ ಬೆಳೆದುಕೊಟ್ಟವರ ಕೇರಿಯು ಊರ ಹೊರಗಿತ್ತು. ಅವರಲ್ಲಿ ಬಹುಮಂದಿಗೆ ಹಗೇವು ತೋಡಲು ಮನೆಯೂ ಇಲ್ಲ, ತುಂಬಲು ಕಾಳೂ ಇಲ್ಲ; ಊರ ಬಾವಿಯನ್ನು ಮುಟ್ಟುವ ಹಾಗಿರಲಿಲ್ಲ. 1876–78ರ ಮಹಾಕ್ಷಾಮವು ಬಳ್ಳಾರಿ ಸೀಮೆಯನ್ನು ಹಾಳುಮಾಡಿದಾಗ ಅಂಥ ಕೂಲಿಯ ಜನರೇ ಹೆಚ್ಚಾಗಿ ನಾಶವಾದರು. ಇವರ ಕೈಯಿಂದ ಬದುಕಿ ಇವರನ್ನೇ ಎಣಿಕೆಗೆ ತಾರದ ಊರನ್ನು ಸ್ವಾವಲಂಬಿಯೆಂದು ಯಾವ ಬಾಯಿಂದ ಹೇಳೋಣ?

ಹೊಸ ಮನೆಯ ಮಾಳಿಗೆಗೆ ಸುತ್ತಲೂ ಗೋಡೆಯಿರಬೇಕೆಂಬ ಒಂದು ವಿಧಿಯು ಧರ್ಮೋಪದೇಶಕಾಂಡದಲ್ಲಿದೆ. ಮೇಲಿಂದ ಯಾರಾದರೂ ಬಿದ್ದು ಸತ್ತರೆ ಆ ದೋಷವು ಮನೆಯವನದು. ಮನೆ ಕಟ್ಟುವವನು ತನ್ನವರಲ್ಲದವರ ಪ್ರಾಣಕ್ಕೂ ಲೆಕ್ಕ ಕೊಡಬೇಕೆಂದಾಯಿತು. ಆದಕಾರಣ ನಮ್ಮ ತಾಲೂಕುಗಳಲ್ಲಿ ಹೊಸ ಬಡಾವಣೆಗೆ ನಕ್ಷೆ ಬರೆಯುವವರು ಬಂದರೆ, ಗೋಡೆಯ ಮಾತನ್ನು ಆಮೇಲೆ ಆಡೋಣ. ನೀರು ಯಾವ ಬೀದಿಯಲ್ಲಿ ಸಿಗುವದು, ಕಣಜದ ಬೀಗದ ಕೈ ಯಾರಲ್ಲಿರುವದು, ಕೇರಿಯ ಕಡೆಗೆ ಬಾಗಿಲೋ ಹಿತ್ತಿಲೋ ಎಂಬದನ್ನು ಮೊದಲು ಕೇಳೋಣ.